ಹಸಿರು ಕಡ್ಡಿ

ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದ ಲೊರೆಟ್ಟಾಳ ತಲೆಯ ಮೇಲೆ ಒಂದು ಪೊರಕೆ ಬಿತ್ತು. ಮೂವತ್ತೊಂದು ವರ್ಷದ ಹಿಂದಿನ ಆಟದ ಪೊರಕೆ. ಹಿಡಿಗೆ ಕರೀ ಟೇಪು, ಕಡ್ಡಿಗಳೆಲ್ಲ ಹಳದಿ. ತಿರುಗಿಸಿ ತಿರುಗಿಸಿ ನೋಡಿದಳು, ಒಂದೇ ಒಂದು ಹಸಿರು ಕಡ್ಡಿಯಿಲ್ಲ. ಅರವತ್ತು ದಾಟಿದ ಹೆಂಗಸು ಆಲೂಗಡ್ಡೆ ಮೂಟೆಯ ಮೇಲೆ ಕೂತು ಅತ್ತೇಬಿಟ್ಟಳು.

ಅಳುವಂಥ ವಿಷಯವೇ. ಅಕ್ಕ ಬರ್ನಿಸ್ ಜೊತೆ ಅವಳು ಹದಿನಾಲ್ಕು ಚಳಿಗಾಲ ಕರ್ಲಿಂಗ್ ಆಡಿದವಳು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿ ಬರುವಾಗ ಅದರ ಮುಂದೆ ಗುಡಿಸುತ್ತ ಓಡುವುದು ಲೊರೆಟ್ಟಾಳ ಕೆಲಸ. ಕೊನೆಯ ಕಲ್ಲು ಬಿಡುವುದು, "ಗುಡಿಸೇ, ಗುಡಿಸೇ" ಎಂದು ಊರಿಗೆಲ್ಲ ಕೇಳುವಂತೆ ಕೂಗುವುದು ಅಕ್ಕನದು. ಅಪ್ಪನ ಟ್ರಕ್ಕಿನಲ್ಲಿ ಮೊಣಕಾಲ ನಡುವೆ ಪೊರಕೆ ಸಿಕ್ಕಿಸಿಕೊಂಡು, ಒಂದೇ ಕಂಬಳಿ ಹೊದ್ದು, ಇಬ್ಬರೂ ಸಾಸ್ಕಾಚೆವಾನ್ ಪ್ರಾಂತ್ಯದ ಊರೂರು ಸುತ್ತಿದ್ದರು. ಆ ಕಂಬಳಿಯ ಬಿಸಿ ಆಮೇಲೆ ಯಾವ ಹೀಟರಿನಲ್ಲೂ ಅವಳಿಗೆ ಸಿಗಲಿಲ್ಲ.

1968ರ ಪ್ರಾಂತ್ಯದ ಫೈನಲ್‌ನಲ್ಲಿ ಬರ್ನಿಸ್ ಬಿಟ್ಟ ಕೊನೆಯ ಕಲ್ಲು ಗುರಿಗೆ ಇನ್ನೊಂದು ಗೇಣು ಇರುವಾಗ ನಿಂತುಬಿಟ್ಟಿತು. ಅಡಿಯಲ್ಲಿ ಪೊರಕೆಯ ಹಸಿರು ಕಡ್ಡಿಯೊಂದು ಸಿಕ್ಕಿಕೊಂಡಿತ್ತು. ಬರ್ನಿಸ್ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು, ಸಿಟ್ಟಿನಲ್ಲಿ ಕೈಗೆ ಸಿಕ್ಕ ಪೊರಕೆಯನ್ನು ಕ್ಲಬ್ಬಿನ ಒಲೆಗೆ ತುರುಕಿದಳು. ಮರುದಿನ ಜಗಳ ಶುರುವಾಯಿತು; ಅಷ್ಟರಲ್ಲಿ ಉಳಿದ ಪೊರಕೆಯೂ ಸಾಮಾನಿನ ನಡುವೆ ಎಲ್ಲೋ ಸೇರಿ ಕಾಣೆಯಾಗಿತ್ತು. ತಂಡದ ಉಳಿದಿಬ್ಬರದು ಬ್ರಷ್ಷು, ಪೊರಕೆ ಇದ್ದದ್ದು ಅಕ್ಕತಂಗಿಯರಿಗೆ ಮಾತ್ರ. "ನಂದು ಹಳದಿ" ಎಂದಳು ಅಕ್ಕ. "ನಂದೂ ಹಳದಿ" ಎಂದಳು ತಂಗಿ. ಅಂದಿನಿಂದ ಪ್ರತಿ ಭಾನುವಾರ ಅಕ್ಕನ ಮನೆಯ ಊಟದಲ್ಲಿ ಸೂಪಿನ ಹಿಂದೆಯೇ ಆ ಕಡ್ಡಿಯೂ ಮೇಜಿಗೆ ಬರುತ್ತಿತ್ತು.

ಇವತ್ತು ಕರ್ಲಿಂಗ್ ಕ್ಲಬ್ಬಿಗೆ ಎಪ್ಪತ್ತೈದು ವರ್ಷ ತುಂಬಿತು. ಮೂರು ಗಂಟೆಗೆ ಬರ್ನಿಸ್ ಭಾಷಣ. ಇಡೀ ಊರಿನ ಎದುರು ಕಡ್ಡಿ ಹೊರಬರುವ ಮೊದಲು ಈ ಪೊರಕೆ ತೋರಿಸಬೇಕು. ಲೊರೆಟ್ಟಾ ಆಲೂಗಡ್ಡೆಯನ್ನು ಅಲ್ಲೇ ಬಿಟ್ಟು ಹೊರಟಳು.

ಕ್ಲಬ್ಬಿನ ಮೆಟ್ಟಿಲಲ್ಲಿ ಮಂಜುಗಡ್ಡೆ ನೋಡಿಕೊಳ್ಳುವ ಓರ್ವಿಲ್ ಎದುರಾದ. "ಬಾ ತಾಯಿ, ದೇವರು ಬಂದ ಹಾಗೆ ಬಂದೆ. ಮೆಟ್ಟಿಲ ತುಂಬ ಹಿಮ, ಮುದುಕರು ಜಾರಿ ಬೀಳ್ತಾರೆ" ಎನ್ನುತ್ತ ಪೊರಕೆ ಕಿತ್ತುಕೊಂಡೇಬಿಟ್ಟ.

"ಓರ್ವಿಲ್, ಅದು ಸಾಕ್ಷಿ ಕಣೋ."

"ಸಾಕ್ಷಿನೋ ಪಾಕ್ಷಿನೋ, ಚೆನ್ನಾಗಿ ಗುಡಿಸುತ್ತೆ."

ಐದು ಮೆಟ್ಟಿಲು ಗುಡಿಸಿ, ಒದ್ದೆ ಮುದ್ದೆ ಮಾಡಿ ಕೊಟ್ಟ. ಒಳಗೆ ಬಂದರೆ ಅಡುಗೆಮನೆಯಿಂದ ಅಗಾಥಾ ಕೂಗಿದಳು. "ಎಲ್ಲಾ ಕಡೆ ನೀರು ಸುರಿಸ್ತಿದ್ದೀಯಲ್ಲೇ. ಕೊಡು ಇಲ್ಲಿ, ಒಣಗಿಸ್ತೀನಿ." ಪೊರಕೆ ಬಿಸಿ ಓವನ್ನಿನ ಬಾಗಿಲಿಗೆ ಒರಗಿ ನಿಂತಿತು. ಕಾವಿಗೆ ಕಡ್ಡಿ ಕರಗುವುದಿಲ್ಲ ಎಂದು ಗೊತ್ತಿದ್ದರೂ ಲೊರೆಟ್ಟಾಳ ಕಣ್ಣು ಕಡ್ಡಿಗಳನ್ನು ಬಿಟ್ಟು ಅಲುಗಲಿಲ್ಲ. ಹಿಡಿಯ ಕಡೆ ಅವಳು ನೋಡಲೇ ಇಲ್ಲ.

"ಅಲ್ವೇ, ಇಷ್ಟು ವರ್ಷ ಆದ್ಮೇಲೆ ಇದೆಲ್ಲ ಯಾಕೆ?" ಎಂದಳು ಅಗಾಥಾ, ಪೈ ಕತ್ತರಿಸುತ್ತ.

"ನಾನು ಸಾಯೋದ್ರೊಳಗೆ ಒಂದು ಭಾನುವಾರನಾದ್ರೂ ನೆಮ್ಮದಿಯಿಂದ ಸೂಪು ಕುಡೀಬೇಕು."

ಅಷ್ಟರಲ್ಲಿ ಮೈಕಿನಲ್ಲಿ ಬರ್ನಿಸಳ ಗಂಟಲು ಕೇಳಿತು. "ಅರವತ್ತೆಂಟರ ಫೈನಲ್ ನಿಮಗೆಲ್ಲ ನೆನಪಿದೆ. ಆ ಕಡ್ಡಿ ವಿಷಯದಲ್ಲಿ ಇವತ್ತು ಒಂದು ಮಾತು ಹೇಳಬೇಕು..."

ಲೊರೆಟ್ಟಾ ಪೊರಕೆ ಎತ್ತಿಕೊಂಡು ಓಡಿದಳು. ಅಷ್ಟು ಜೋರಾಗಿ ಅವಳು ಓಡಿದ್ದು ಆ ಫೈನಲ್‌ನಲ್ಲೇ ಕೊನೆ. "ನಿಲ್ಲಿಸಕ್ಕಾ. ಹೇಳ್ಬೇಡ. ಇಗೋ ನನ್ನ ಪೊರಕೆ, ಹಳದಿ. ಎಲ್ಲರೂ ನೋಡಿ. ಹಸಿರು ನಿಂದು."

ಪೊರಕೆ ಕೈಯಿಂದ ಕೈಗೆ ಹೋಗಿ ಓರ್ವಿಲ್ ಹತ್ತಿರ ಬಂತು. ಓವನ್ನಿನ ಕಾವಿಗೆ ಅಂಟು ಬಿಟ್ಟು ಟೇಪು ಹಿಡಿಯಿಂದ ಜೋತಾಡುತ್ತಿತ್ತು. ಅದರ ಅಡಿಯಲ್ಲಿ ಚಾಕುವಿನಿಂದ ಕೆತ್ತಿದ ಅಕ್ಷರ. ಓರ್ವಿಲ್ ಕನ್ನಡಕ ಸರಿಮಾಡಿಕೊಂಡು ಓದಿದ.

"ಬರ್... ನಿಸ್."

ಸಭೆಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಹಳದಿ ಅಕ್ಕನದಾದರೆ ಹಸಿರು ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಒಲೆಗೆ ಹೋದದ್ದು ಲೊರೆಟ್ಟಾಳ ಪೊರಕೆ. ಮೂವತ್ತೊಂದು ವರ್ಷ ಅವಳ ನೆಲಮಾಳಿಗೆಯಲ್ಲಿ ಬಿದ್ದಿದ್ದದ್ದು ಅಕ್ಕನದು.

ಬರ್ನಿಸ್ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಮಡಚಿದಳು.

"ಅದರಲ್ಲಿ ಏನು ಬರೆದಿದ್ದೆ?" ಲೊರೆಟ್ಟಾ ಕಾಗದದತ್ತ ಕೈ ಚಾಚಿದಳು.

ಅಕ್ಕ ಕಾಗದ ಅವಳ ಕೈಗಿಟ್ಟಳು. ಬರ್ನಿಸಳ ಕೋಳಿಕಾಲು ಅಕ್ಷರದಲ್ಲಿ ಹೀಗಿತ್ತು: 'ಆ ಕಡ್ಡಿ ನನ್ನ ತಂಗಿಯದಲ್ಲ. ಅವತ್ತು ನಾನೇ ಕಲ್ಲು ಮೆತ್ತಗೆ ಬಿಟ್ಟೆ. ಸುಮ್ಮನೆ ಅವಳನ್ನು ಅಂದೆ. ತಪ್ಪಾಯ್ತು.'

"ಓದು ಅಕ್ಕಾ" ಎಂದಳು ಲೊರೆಟ್ಟಾ. ಕಣ್ಣು ತುಂಬಿತ್ತು. "ಈಗಲೂ ಓದಬಹುದು."

"ಹೇಗೆ ಓದ್ಲಿ? ನಮ್ಮ ಆಟದಲ್ಲಿ ತಪ್ಪು ಮಾಡಿದವರೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ಇಷ್ಟು ಜನರ ಎದುರು ಕೈ ಎತ್ತಿದ್ದು ನೀನು ಕಣೇ." ಬರ್ನಿಸ್ ತಂಗಿಯ ಭುಜ ಬಳಸಿ ಬಾರಿನ ಕಡೆ ನಡೆಸಿದಳು. ಗೆದ್ದವರು ಸೋತವರಿಗೆ ಕುಡಿಸುವುದು ಕ್ಲಬ್ಬಿನ ಪದ್ಧತಿ. "ಎರಡು ರೈ ವಿಸ್ಕಿ ಹಾಕಪ್ಪ, ಇವತ್ತು ಗೆದ್ದೋಳು ನಾನು."

ಇಬ್ಬರೂ ಗೋಡೆಯಲ್ಲಿದ್ದ ತಮ್ಮ ತಂಡದ ಹಳೆಯ ಫೋಟೋದ ಕೆಳಗೆ ಭುಜ ತಾಗಿಸಿ ಕೂತರು. ಒಂದು ಕ್ಷಣ ಲೊರೆಟ್ಟಾಳಿಗೆ ಟ್ರಕ್ಕಿನ ಕಂಬಳಿಯ ಬಿಸಿ ನೆನಪಾಯಿತು. ಬರ್ನಿಸ್ ಗ್ಲಾಸು ಖಾಲಿ ಮಾಡಿ, ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು.

"ಭಾನುವಾರ ಬೇಗ ಬಾ. ಇನ್ಮೇಲೆ ಕಡ್ಡಿ ಜೊತೆ ಪೊರಕೇನೂ ಮೇಜಿನ ಮೇಲೆ ಇಡ್ತೀನಿ."