ಅಣ್ಣನ ಬಿಸಿಲು ಕಾರು

ಬೇರೆಯವರ ಮನೆಗೆ ಕಾರು ಬಂದರೆ ಪೇಢೆ ಹಂಚಿ ಮುಗಿಸುತ್ತಾರೆ. ಜಮಖಂಡಿಯ ನಮ್ಮಣ್ಣ ನೆತ್ತಿಯ ಮೇಲೆ ಸೋಲಾರ್ ಹಲಗೆ ಹೊತ್ತ ಎಲೆಕ್ಟ್ರಿಕ್ ಕಾರು ತಂದಾಗಿನಿಂದ ಒಂದಲ್ಲ ಒಂದು ಫಜೀತಿ ನಡೆದೇ ಇದೆ. ನನಗೆ ಅದರ ಮೇಲೆ ಮೊದಲಿನಿಂದಲೂ ಗುಮಾನಿ.

೧. ನೆರಳಿಗೆ ಬೆನ್ನು

ಬೇಸಿಗೆಯಲ್ಲಿ ಮುಧೋಳದಲ್ಲೊಂದು ಮದುವೆ. ಬಂದವರೆಲ್ಲ ಬೇವಿನ ನೆರಳಿಗಾಗಿ ಜಗಳಾಡಿ ಗಾಡಿ ನಿಲ್ಲಿಸಿದರೆ, ಅಣ್ಣ ಬಟಾಬಯಲಿನಲ್ಲಿ ನಿಲ್ಲಿಸಿದ. “ಬಿಸಿಲಾಗ ನಿಂತಷ್ಟೂ ಇದರ ಹೊಟ್ಟಿ ತುಂಬತೈತಿ,” ಅಂದ. ಊಟ ಮುಗಿಸಿ ನಾವೆಲ್ಲ ಬಂದು ಕೂತರೆ ಸೀಟು ಕಾದ ಹಂಚು. ಕೂತಷ್ಟೇ ಬೇಗ ಎದ್ದೆ. ಅಣ್ಣ ಏಸಿ ಜೋರು ಮಾಡಿದ. ಊರು ದಾಟುವಾಗ, “ಬಿಸಿಲು ತುಂಬಿದ್ದು ಎಷ್ಟು ಉಳೀತೋ?” ಎಂದು ಕೇಳಿದೆ.

“ನೀವು ತಣ್ಣಗಾದ್ರಿಲ್ಲ?”

“ಆದ್ವಿ.”

“ಅಷ್ಟ ಇತ್ತು.”

೨. ಅಡುಗೆಮನೆಯ ವೈರು

ಮುಂದೊಮ್ಮೆ ಬೀಳಗಿಗೆ, ನನ್ನ ಗಂಡನ ಮನೆಗೆ ಬಂದ. ಮಿಕ್ಸರ್ ತಿರುಗಲಿಲ್ಲವೆಂದು ಅತ್ತೆ ನೋಡಿದರೆ, ಅದರ ಪ್ಲಗ್ ಕಿತ್ತು ಬಿದ್ದಿತ್ತು. ಆ ಜಾಗದಿಂದ ಕಿಟಕಿಯಾಚೆ ಒಂದು ವೈರು ಹೋಗಿತ್ತು. ಅತ್ತೆ ವೈರಿನ ಗುಂಟ ನಡೆದು ಕಾರು ಮುಟ್ಟಿದರು.

“ಬಿಸಿಲಿನ ಗಾಡಿಗೆ ನಮ್ಮ ಕರೆಂಟ್ ಯಾಕೋ ಅಪ್ಪಾ?”

“ಓಡೋದು ಕರೆಂಟಿನಿಂದನ ರೀ. ಬಿಸಿಲು ಬರೇ ಸಹಾಯ ಮಾಡತೈತಿ.”

ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನನ್ನ ಗಂಡನ ಕಡೆ ನೋಡಿ ಅತ್ತೆ, “ಗೊತ್ತಾತು ಬಿಡು. ನಮ್ಮ ಮಗಾನೂ ಅಡಗಿಗೆ ಹಂಗ ಸಹಾಯ ಮಾಡ್ತಾನ,” ಅಂದರು.

೩. ಪಂಚಮಿಗೆ ಕರೆ

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ದರೇ ಹೆಣ್ಣುಮಗಳಿಗೆ ಮರ್ಯಾದೆ. ತಾನಾಗಿ ಹೋದರೆ ಅಣ್ಣ ಎಲ್ಲಿ ಎಂದು ಓಣಿಯೆಲ್ಲ ಕೇಳುತ್ತದೆ. ಈ ಸಲ ಅಣ್ಣ ನನ್ನ ಗುಮಾನಿ ಕಳೆಯಲೆಂದೇ, ವೈರು ಮುಟ್ಟಿಸದೆ ಬರೀ ಬಿಸಿಲಿನಲ್ಲಿ ಬರುತ್ತೇನೆಂದು ಹಟ ಹಿಡಿದ. ಶ್ರಾವಣದ ಮೋಡ ಆಕಾಶ ಮುಚ್ಚಿತ್ತು.

ಮುಂಜಾನೆಯೇ ಹೊಸ ಸೀರೆ ಉಟ್ಟು, ಉಂಡಿಯ ಡಬ್ಬಿ ಕಟ್ಟಿಕೊಂಡು ಕೂತೆ. ಮಧ್ಯಾಹ್ನ ಫೋನು ಬಂತು. “ದಾರ್ಯಾಗ ನಿಂತೇನಿ. ಮೋಡ ಸರಿದ್ರ ಬಂದಬಿಡತೀನಿ.” ಮತ್ತೆ ನಾನೇ ಮಾಡಿದರೂ ಅದೇ ಮಾತು. ಅತ್ತೆ ಬಾಗಿಲಲ್ಲಿ ಇಣುಕಿ, “ನಾವು ಕಾಯಾಕತ್ತಿದ್ದು ನಿಮ್ಮಣ್ಣನ್ನೋ, ಬಿಸಿಲನ್ನೋ?” ಅಂದರು. ನನಗೆ ಅಳು ಬಂತು, ಅದಕ್ಕಿಂತ ಸಿಟ್ಟು ಬಂತು. ಅಲ್ಲಿ ತವರಲ್ಲಿ ಅವ್ವ ಹಬ್ಬದ ಜೋಕಾಲಿ ಕಟ್ಟಿಸಿ ಕಾಯುತ್ತಿದ್ದಳು. ಡಬ್ಬಿ ಎತ್ತಿಕೊಂಡು ಜಮಖಂಡಿ ಬಸ್ಸು ಹತ್ತಿದೆ.

ಅರ್ಧ ದಾರಿಯಲ್ಲಿ, ಕಬ್ಬಿನ ಹೊಲದ ಪಕ್ಕ, ಅಣ್ಣ ಕಾರಿಗೆ ಒರಗಿ ಆಕಾಶ ನೋಡುತ್ತ ನಿಂತಿದ್ದ. ಬಸ್ಸು ನಿಲ್ಲಿಸಲು ಹೇಳಿದೆ.

“ಗಾಡಿ ಕೆಟ್ಟೈತೇನ್ರಿ?” ಎಂದು ಕಂಡಕ್ಟರ್ ಕೇಳಿದ.

“ಇಲ್ರಿ. ಮೋಡ ಐತಿ.”

“ಹತ್ತೋ ಸುಮ್ನ,” ಅಂದೆ. ಕಾರನ್ನು ಹೊಲದವರಿಗೆ ಒಪ್ಪಿಸಿ ಹತ್ತಿದ. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಅಣ್ಣನಿಗಷ್ಟೇ ರೊಕ್ಕದ ಟಿಕೆಟ್ ಹರಿದ.

ತವರಿನ ಓಣಿಗೆ ನಡೆದೇ ಬಂದೆವು. ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ದಿಟ್ಟಿಸಿದಳು. ಏನು ಕೇಳುತ್ತಾಳೆಂದು ಗೊತ್ತಿತ್ತು. ಹೆಜ್ಜೆ ಚುರುಕು ಮಾಡಿದೆ.

“ಅಣ್ಣ ಕರೆಯಾಕ ಬಂದಿದ್ನೇನವ್ವಾ?”

ನಾನು ಬಾಯಿ ತೆರೆಯುವ ಮೊದಲೇ, ನನ್ನ ಡಬ್ಬಿ ಹೊತ್ತು ಹಿಂದೆ ಬರುತ್ತಿದ್ದ ಅಣ್ಣ ಹೇಳಿದ: “ಇಲ್ಲಬೇ ಅಜ್ಜಿ. ಈ ವರ್ಷ ತಂಗಿ ಬಂದು ನನ್ನ ಕರ್ಕೊಂಡು ಬಂದಾಳ.”