ಅವ್ವನ ಸ್ವಗತ

ಮದ್ರಾಸಿನಲ್ಲಿ ಸಿನಿಮಾಕ್ಕೆ ಶಬ್ದ ಹಿಡಿಯುವುದು ನನ್ನ ಕಸುಬು. ನಾಯಕಿಯ ಪಿಸುಮಾತಿನ ಹಿಂದೆ ಎಲ್ಲೋ ಕೂಗಿದ ಕಾಗೆಯನ್ನು ಪತ್ತೆಹಚ್ಚಿ, ‘ಇನ್ನೊಂದು ಟೇಕ್’ ಎಂದು ಹೇಳಿ ಎಲ್ಲರ ಬೈಗುಳ ತಿಂದವನು. ಆದರೆ ಜಮಖಂಡಿಯ ನಮ್ಮ ಮನೆಯ ವಾಲ್ಯೂಮ್ ಇಳಿಸಲು ಮಾತ್ರ ನನ್ನಿಂದಾಗಲಿಲ್ಲ. ಅಜ್ಜ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರ, ಅಪ್ಪ ಟೂರಿಂಗ್ ಟಾಕೀಸಿನ ಆಪರೇಟರ್, ಅವ್ವ ಅಜ್ಜನ ಕಂಪನಿಯಲ್ಲೇ ರಾಣಿ ಪಾರ್ಟು. ಮೈಕಿಲ್ಲದ ಕಾಲದಲ್ಲಿ ಮುಧೋಳ, ಬೀಳಗಿಯ ಕಟ್ಟಕಡೆಯ ಚಾಪೆಯವನಿಗೂ ಕೇಳುವಂತೆ ಅತ್ತವಳು. ಚಹಾಕ್ಕೆ ಸಕ್ಕರೆ ಕೇಳಿದರೂ ರಾಜ್ಯ ಕೇಳಿದಂತಿರುತ್ತಿತ್ತು.

ಅದರಲ್ಲೂ ಆಕೆಯ ಸ್ವಗತ! ರಂಗದ ಕಾನೂನು ನಿಮಗೆ ಗೊತ್ತಲ್ಲ: ಪಾತ್ರ ಮುಖ ಹೊರಳಿಸಿ ಮನಸ್ಸಿನ ಮಾತಾಡಿದರೆ ಹಿಂದಿನ ಸಾಲಿಗೆಲ್ಲ ಕೇಳಬೇಕು, ಪಕ್ಕದಲ್ಲೇ ನಿಂತ ಪಾತ್ರಕ್ಕೆ ಕೇಳಕೂಡದು. ಅವ್ವ ಈ ಕಾನೂನನ್ನು ಸಂಸಾರಕ್ಕೂ ತಂದಿದ್ದಳು. ‘ಸಿನಿಮಾ ಮಂದಿ’ ಎಂದು ಮೂರು ಮನೆಯವರು ನನಗೆ ಹೆಣ್ಣು ಕೊಡಲು ಒಲ್ಲೆವೆಂದ ಮೇಲೆ ಬನಹಟ್ಟಿಯ ನೇಕಾರರೊಬ್ಬರು ಕನ್ಯೆ ನೋಡಲು ಕರೆದರು. ನನಗೆ ಮೂವತ್ತು ದಾಟಿತ್ತು. “ಅವ್ವಾ, ಕೈ ಮುಗೀತೇನಿ, ಅಲ್ಲಿ ಬಾಯಿ ಬಿಡಬ್ಯಾಡ” ಎಂದೆ.

“ನಾ ಯಾಕ ಮಾತಾಡ್ಲೋ?” ಎಂದಳು, ಓಣಿಗೆಲ್ಲ ಕೇಳುವಂತೆ.

ಹುಡುಗಿ ಉಪ್ಪಿಟ್ಟಿನ ತಾಟು ಇಟ್ಟು ಒಳಗೆ ಹೋದಳು. ಖರೆ ಹೇಳುತ್ತೇನೆ, ನೋಡಿದ ಕೂಡಲೇ ನನ್ನ ಮನಸ್ಸು ಅವಳ ಹಿಂದೆಯೇ ಅಡುಗೆಮನೆಗೆ ಹೋಯಿತು. ಅಷ್ಟರಲ್ಲಿ ಅವ್ವ ಒಂದು ತುತ್ತು ತಿಂದು, ಸೆರಗು ಬಾಯಿಗೆ ಹಿಡಿದು, ಮುಖ ಹೊರಳಿಸಿದಳು.

“ಹುಡುಗಿ ಬಂಗಾರದಂಥಾಕಿ. ಉಪ್ಪಿಟ್ಟಿಗೆ ಉಪ್ಪ ಇಲ್ಲ. ಇರ್ಲಿ, ಮನಿಗೆ ಬಂದ ಮ್ಯಾಲೆ ಕಲಿಸಿದ್ರಾತು!”

ಹುಡುಗಿಯ ಅಪ್ಪ ಸೂರು ನೋಡತೊಡಗಿದ. ನಾಲ್ಕನೆಯ ಮನೆಯೂ ಹೋಯಿತೆಂದು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೆನಪಿಸಿಕೊಳ್ಳುತ್ತಿದ್ದೆ. ಆಗ ಒಳಗೆ ಹುಡುಗಿ ತಾಯಿಯ ಕಿವಿಯಲ್ಲಿ ಗುಟ್ಟು ಹೇಳಿದಳು. ಹಗಲೆಲ್ಲ ಮಗ್ಗಗಳ ಸದ್ದಿನ ಮೇಲೆ ಮಾತಾಡಿ ಬೆಳೆದವಳ ಗುಟ್ಟು!

“ಯವ್ವಾ, ಹುಡುಗನ ಪ್ಯಾಂಟು ಜೋತಾಡಾಕತ್ತೈತಿ. ಉಪ್ಪು ಆಮ್ಯಾಲೆ ನೋಡೂಣು, ಮೊದ್ಲ ಅವಂಗ ಹೊಟ್ಟಿತುಂಬ ಹಾಕಬೇ!”

ಅವ್ವ ಕೈಯಲ್ಲಿದ್ದ ತಾಟು ಕೆಳಗಿಟ್ಟಳು. “ಏನ್ ಕಂಠರೀ! ಕಡೀ ಸಾಲಿಗೂ ಮುಟ್ಟತೈತಿ. ಲಗ್ನ ಗಟ್ಟಿ ಮಾಡ್ರಿ” ಎಂದಳು. ಇದು ಸ್ವಗತವಲ್ಲ.

ಈಗ ಮನೆಯಲ್ಲಿ ಇಬ್ಬರ ಸ್ವಗತ. ಮೊನ್ನೆ ಹೆಂಡತಿ ಉಪ್ಪಿನಕಾಯಿ ಭರಣಿಯ ಕಡೆ ಮುಖ ಹೊರಳಿಸಿ, “ಇವರಿಗೆ ಮದ್ರಾಸಿನ ಕಾಗಿ ಕೂಗಿದ್ದು ಕೇಳತೈತಿ, ಮನ್ಯಾಗ ಕುಕ್ಕರ್ ಕೂಗಿದ್ದು ಕೇಳಂಗಿಲ್ಲ” ಎಂದಳು. “ಅವರಪ್ಪನೂ ಹಂಗ ಇದ್ದ” ಎಂದು ಅವ್ವ ಕಿಟಕಿಗೆ ಹೇಳಿದಳು.

ಎಲ್ಲ ಕೇಳಿಸಿತು, ಕೇಳಿಸಿಕೊಳ್ಳುವುದಕ್ಕೇ ನನಗೆ ಸಂಬಳ. ಆದರೂ ರಂಗದ ಕಾನೂನಿದೆಯಲ್ಲ, ಪಕ್ಕದ ಪಾತ್ರಕ್ಕೆ ಕೇಳಕೂಡದು. ಪೇಪರಿನ ಪುಟ ತಿರುವಿದೆ, ಒಂದಿಷ್ಟೂ ಸಪ್ಪಳವಾಗದಂತೆ.