ಸಕಲ ರೋಗಗಳ ಪರವಾಗಿ ಸಹಿ ಹಾಕುವ ಗ್ಯಾಸ್ಟ್ರಿಕ್‌ರವರಿಗೆ

ಮಾನ್ಯ ಗ್ಯಾಸ್ಟ್ರಿಕ್‌ರವರೇ,

ಗೋವಿಂದರಾಜನಗರದ ನಿವಾಸಿಯೂ ನಿವೃತ್ತ ಗಣಿತದ ಮೇಷ್ಟರೂ ಆದ ಸೇತುರಾಮನು ತಮ್ಮ ಪಾದಾರವಿಂದಗಳಿಗೆ (ವಾಯುವಿಗೆ ಪಾದಗಳಿದ್ದಲ್ಲಿ) ಅನಂತ ನಮಸ್ಕಾರಗಳನ್ನು ಸಲ್ಲಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಎದೆ ಉರಿದರೂ, ಬೆನ್ನು ಹಿಡಿದರೂ, ತಲೆ ಸುತ್ತಿದರೂ ನಮ್ಮ ಬೀದಿಯಲ್ಲಿ ಕಾರಣ ತಾವೊಬ್ಬರೇ. ಸ್ಕ್ಯಾನಿಂಗಿನ ಹಂಗಿಲ್ಲದೆ, ರಕ್ತಪರೀಕ್ಷೆಯ ಗೊಡವೆಯಿಲ್ಲದೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತೇ ತಮ್ಮನ್ನು ಗುರುತಿಸಬಲ್ಲ ತಜ್ಞರು ಇಲ್ಲಿ ಮನೆಗೊಬ್ಬರಿದ್ದಾರೆ. ಅವರಲ್ಲಿ ನಾನೂ ಒಬ್ಬ.

ನನ್ನ ಪತ್ನಿ ಕೋಕಿಲಾ ಬಲಪಕ್ಕೆಲುಬಿನ ಕೆಳಗೆ ನೋವು ಎಂದಾಗ ಒಬ್ಬಟ್ಟಿನ ಮೇಲೆ ತಪ್ಪು ಹೊರಿಸಿ ತಮ್ಮ ಹೆಸರು ಹೇಳಿದೆ. ನೋವು ಭುಜಕ್ಕೂ ಹತ್ತಿದಾಗ, "ಗ್ಯಾಸು ಮೇಲಕ್ಕೆ ಹೋಗ್ತಾ ಇದೆ ಕಣೇ, ಒಳ್ಳೇದೇ" ಎಂದು ಓಮದ ಕಷಾಯ ಕುಡಿಸಿದೆ. ಮೈಯೆಲ್ಲ ತುರಿಸಿದಾಗ ಸೋಪು ಬದಲಿಸಿದೆ. ಶುಕ್ರವಾರ ಕೆನ್ನೆಗೆ ಹಚ್ಚಿದ ಅರಿಶಿನ ಭಾನುವಾರವಾದರೂ ಇಳಿಯದಿದ್ದುದನ್ನು ಎದುರುಮನೆಯ ಕಲಾ ಅವರು ಮುತ್ತೈದೆ ಕಳೆಯೆಂದು ಹೊಗಳಿದರು, ನಾನು ಬೀಗಿದೆ. ಕೊನೆಗೊಂದು ಬೆಳಿಗ್ಗೆ, ಬಾಗಿಲ ಬಿಸಿಲಿನಲ್ಲಿ ಸೊಪ್ಪು ಮಾರುವ ರಾಮಕ್ಕ, "ಏನಮ್ಮಾ, ಕಣ್ಣೊಳಕ್ಕೂ ಅರಿಶಿನ ಹಚ್ಕೊಂಡಿದೀರಾ?" ಎಂದು ಕೇಳಿದಳು. ಮೂವತ್ತು ವರ್ಷದಿಂದ ನೋಡುತ್ತಿರುವ ಆ ಕಣ್ಣುಗಳನ್ನು ಆಗಷ್ಟೇ ನಾನು ಸರಿಯಾಗಿ ನೋಡಿದ್ದು.

ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಕೂತು ಕಾಮಾಲೆ ತಂದಿತ್ತು. "ಇನ್ನೆರಡು ದಿನ ಬಿಟ್ಟು ಬಂದಿದ್ರೆ..." ಎಂದ ಡಾಕ್ಟರು ಮಾತನ್ನು ಪೂರ್ತಿ ಮಾಡಲಿಲ್ಲ. ಆ ಅರ್ಧ ಮಾತನ್ನು ಈಗಲೂ ದಿನಾ ರಾತ್ರಿ ನಾನೇ ಪೂರ್ತಿ ಮಾಡಿಕೊಳ್ಳುತ್ತೇನೆ, ಮಾನ್ಯರೇ.

ಆದ್ದರಿಂದ ತಾವು ದಯಮಾಡಿ ಇನ್ನು ಮುಂದೆ ಕೊರಳಿಗೆ ಆಧಾರ್ ಕಾರ್ಡು ತೂಗಿಹಾಕಿಕೊಂಡೇ ಬರಬೇಕು; ತಮ್ಮ ಹೆಸರು ಹೇಳಿಕೊಂಡು ಒಳನುಗ್ಗುವ ಕಲ್ಲು, ಕರುಳಿನ ಹುಣ್ಣು, ಲಿವರಿನ ಕೊಬ್ಬು ಇವರೆಲ್ಲರ ಮೇಲೂ ಠಾಣೆಯಲ್ಲಿ ದೂರು ದಾಖಲಿಸಬೇಕು; ಅದೂ ಆಗದಿದ್ದಲ್ಲಿ ನನ್ನಂಥ ಮೇಷ್ಟರುಗಳ ಬಾಯಿಗಾದರೂ ಬೀಗ ಜಡಿಸಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ, ವಿಶ್ವಾಸವಿಟ್ಟೇ ಕೆಟ್ಟ,
ಸೇತುರಾಮ

ತಾ.ಕ.: ಆಪರೇಷನ್ನಿನಲ್ಲಿ ಪಿತ್ತಕೋಶವನ್ನೇ ತೆಗೆದರೆಂದು ಕೇಳಿ ಪಾರ್ಕಿನ ಗೆಳೆಯ ಚಕ್ರಪಾಣಿಯವರು, "ಖಾಲಿ ಸೈಟು ಬಿಟ್ರೆ ಗ್ಯಾಸು ಬಂದು ಬೇಲಿ ಹಾಕುತ್ತೆ ಸಾರ್, ಓಮ ಬಿಡಬೇಡಿ" ಎಂದರು. ಮನೆಗೆ ಬಂದು ನಗುತ್ತಾ ಹೇಳಿದೆ, ಕೋಕಿಲಾ ನಗಲಿಲ್ಲ. ನಿನ್ನೆ ಒಬ್ಬಳೇ ಆಟೋ ಹತ್ತಿ ಡಾಕ್ಟರ ಹತ್ತಿರ ಹೋಗಿಬಂದಿದ್ದಾಳೆ. ಎಲ್ಲಿ ನೋವೆಂದು ನನಗೆ ಹೇಳಲಿಲ್ಲ.